ಐದು ಹಳ್ಳಿಗಳಿಗೆ ಒಂದೇ ಗುರಾಣಿ: ಬವೇರಿಯದ ಒಂದು ಪುಟ್ಟ ಊರು ತನ್ನ ಲಾಂಛನ ಪಡೆದ ಪ್ರಕರಣ

ಜರ್ಮನಿಯ ಬವೇರಿಯ ರಾಜ್ಯದ ಉತ್ತರ ಭಾಗದಲ್ಲಿರುವ ಫ್ರಾಂಕೋನಿಯ ಸೀಮೆಯಲ್ಲಿ, ಒಂದು ಹೊಳೆಯ ಎರಡು ದಂಡೆಗಳ ಮೇಲಿರುವ ಐದು ಹಳ್ಳಿಗಳು ಸೇರಿ ಆದ ಒಂದು ಸಣ್ಣ ಸ್ಥಳೀಯ ಸಂಸ್ಥೆಯ ಪ್ರಕರಣ ಇದು. ಅಲ್ಲಿ ಇಂಥ ಸಂಸ್ಥೆಯನ್ನು ಗೆಮೈಂಡೆ ಎನ್ನುತ್ತಾರೆ. ಊರಿನ ಹೆಸರನ್ನಾಗಲಿ, ಹೊಳೆಯ ಹೆಸರನ್ನಾಗಲಿ, ಇದರಲ್ಲಿ ಪಾತ್ರ ವಹಿಸಿದವರ ಹೆಸರುಗಳನ್ನಾಗಲಿ ಕೊಟ್ಟಿಲ್ಲ. ಗುರುತು ಹಿಡಿಯಲು ನೆರವಾಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಎಲ್ಲಿ ಯಾವ ತೀರ್ಮಾನ ಆಯಿತು, ಏಕೆ ಆಯಿತು, ಅದರಿಂದ ಮುಂದಿನ ದಾರಿ ಹೇಗೆ ತಿರುಗಿತು ಎಂಬುದೇ ಇಲ್ಲಿ ಮುಖ್ಯವಾದ್ದರಿಂದ ಹೆಸರುಗಳಿಲ್ಲದಿದ್ದರೂ ಓದುಗರಿಗೆ ನಷ್ಟವೇನೂ ಇಲ್ಲ.

ಹಿನ್ನೆಲೆ

ಜರ್ಮನಿಯ ಪಟ್ಟಣಗಳ ಲಾಂಛನಗಳು, ಅಂದರೆ ಗುರಾಣಿಯ ಆಕಾರದೊಳಗೆ ಬಿಡಿಸಿದ ಗುರುತುಗಳು, ಹೆಚ್ಚಾಗಿ ಮುದ್ರೆಗಳಿಂದ ಹುಟ್ಟಿದವು. 13ನೆಯ ಶತಮಾನದ ಹೊತ್ತಿಗೆ ಪಟ್ಟಣಗಳು ತಮ್ಮ ಕರಾರುಪತ್ರಗಳಿಗೆ ಮೇಣದ ಮುದ್ರೆ ತೂಗುಹಾಕುತ್ತಿದ್ದವು, ಆ ಮುದ್ರೆಯ ಮೇಲಿನ ಚಿತ್ರವೇ ಮುಂದೆ ಗುರಾಣಿಯ ಮೇಲೆ ಬಣ್ಣ ತಳೆದು ನಿಂತಿತು. ರೋಥೆನ್‌ಬುರ್ಗ್ ಪಟ್ಟಣದ ಗುರಾಣಿಯಲ್ಲಿ ಕೆಂಪು ಕೋಟೆ, ಓಕ್ಸೆನ್‌ಫುರ್ಟಿನದರಲ್ಲಿ ಎತ್ತು ಇರುವಂತೆ, ಹೆಸರನ್ನೇ ಚಿತ್ರವಾಗಿಸಿಕೊಂಡ ಪಟ್ಟಣಗಳೂ ಇವೆ. ಹಳ್ಳಿಗಳ ಕಥೆ ಬೇರೆ. ಅವುಗಳಲ್ಲಿ ಬಹುಪಾಲಿಗೆ ಹಳೆಯ ಮುದ್ರೆಯೂ ಇರಲಿಲ್ಲ, ಲಾಂಛನವೂ ಇರಲಿಲ್ಲ. ಇಂದು ಹಳ್ಳಿಯ ಕಚೇರಿಗಳ ಮೇಲೆ ಕಾಣುವ ಗುರಾಣಿಗಳಲ್ಲಿ ಹೆಚ್ಚಿನವು 20ನೆಯ ಶತಮಾನದಲ್ಲಿ ರಚನೆಯಾದವು.

ಬವೇರಿಯದಲ್ಲಿ 1970ರ ದಶಕದಲ್ಲಿ ನಡೆದ ಗಡಿ ಪುನರ್ವಿಂಗಡಣೆ ಈ ಕೆಲಸಕ್ಕೆ ದೊಡ್ಡ ಕಾರಣವಾಯಿತು. 1978ರಲ್ಲಿ ಅದು ಮುಗಿಯುವ ವೇಳೆಗೆ ಸುಮಾರು 7,000 ಇದ್ದ ಗೆಮೈಂಡೆಗಳು ಸುಮಾರು 2,050ಕ್ಕೆ ಇಳಿದಿದ್ದವು. ಸಣ್ಣ ಹಳ್ಳಿಯೊಂದು ದೊಡ್ಡ ಊರಿನೊಳಗೆ ಸೇರಿಹೋದರೆ ದೊಡ್ಡ ಊರಿನ ಲಾಂಛನ ಮುಂದುವರಿಯುತ್ತದೆ. ಆದರೆ ಹಲವು ಹಳ್ಳಿಗಳೆಲ್ಲ ವಿಸರ್ಜನೆಗೊಂಡು ಹೊಸದೊಂದು ಗೆಮೈಂಡೆ ಹುಟ್ಟಿದಾಗ ಹಳೆಯ ಲಾಂಛನಗಳು ಅಧಿಕೃತ ಚಿಹ್ನೆಗಳಾಗಿ ಉಳಿಯುವುದಿಲ್ಲ. ನಮ್ಮ ಐದು ಹಳ್ಳಿಗಳದ್ದು ಎರಡನೆಯ ಬಗೆಯ ಸೇರ್ಪಡೆ. ಐದೂ ಅಳಿದು ಆರನೆಯದೊಂದು ಹುಟ್ಟಿತು, ಅದಕ್ಕೆ ಲಾಂಛನವಿರಲಿಲ್ಲ.

ಲಾಂಛನವಿಲ್ಲದೆ ಆಡಳಿತ ನಿಲ್ಲುವುದೇನೂ ಇಲ್ಲ. ಬವೇರಿಯದ ಗೆಮೈಂಡೆ ಕಾಯಿದೆಯ 4ನೆಯ ಕಲಮಿನ ಪ್ರಕಾರ ಸ್ವಂತ ಲಾಂಛನವಿರುವ ಗೆಮೈಂಡೆ ಅದನ್ನು ತನ್ನ ಕಚೇರಿ ಮುದ್ರೆಯಲ್ಲಿ ಬಳಸುತ್ತದೆ, ಇಲ್ಲದ್ದು ರಾಜ್ಯದ ಸಣ್ಣ ಲಾಂಛನವನ್ನು, ಅಂದರೆ ಬಿಳಿ ಮತ್ತು ನೀಲಿ ವಜ್ರಾಕೃತಿಗಳ ಗುರಾಣಿಯನ್ನು ಬಳಸುತ್ತದೆ. ನಮ್ಮ ಗೆಮೈಂಡೆ ದಶಕಗಳ ಕಾಲ ಹೀಗೆಯೇ ನಡೆಯಿತು. ಮದುವೆಯ ಪ್ರಮಾಣಪತ್ರದಿಂದ ಹಿಡಿದು ಮನೆ ಕಟ್ಟುವ ಪರವಾನಗಿಗೆ ಸಂಬಂಧಿಸಿದ ಕಾಗದಗಳವರೆಗೆ ಎಲ್ಲದರ ಮೇಲೂ ರಾಜ್ಯದ ಗುರಾಣಿಯೇ ಬೀಳುತ್ತಿತ್ತು. ಸೇರ್ಪಡೆಯ ವಾರ್ಷಿಕೋತ್ಸವವೊಂದು ಹತ್ತಿರ ಬಂದಾಗ, ಕಚೇರಿಯ ಮುಂದೆ ಹಾರಿಸಲು ನಮ್ಮದೆನ್ನುವ ಒಂದು ಬಾವುಟವೂ ಇಲ್ಲವಲ್ಲ ಎಂಬ ಮಾತು ಸಭೆಯಲ್ಲಿ ಎದ್ದಿತು.

ಸಮಸ್ಯೆ

ಮೇಲ್ನೋಟಕ್ಕೆ ಇದು ಚಿತ್ರಕಾರನನ್ನು ಹುಡುಕುವ ಕೆಲಸವೆಂದು ತೋರಬಹುದು. ನಿಜವಾದ ತೊಡಕು ಹೊಳೆಯ ಎರಡು ದಂಡೆಗಳಲ್ಲಿತ್ತು. ಒಂದು ದಂಡೆಯ ಮೂರು ಹಳ್ಳಿಗಳು 1802–03ರವರೆಗೆ ಬಾಂಬೆರ್ಗಿನ ಬಿಷಪ್ಪರ ಆಳ್ವಿಕೆಗೆ ಸೇರಿದ್ದವು. ಆ ಬಿಷಪ್ಪರು ಧರ್ಮಗುರುಗಳೂ ಹೌದು, ನಾಡಿನ ಅರಸರೂ ಹೌದು. ಎದುರು ದಂಡೆಯ ಎರಡು ಹಳ್ಳಿಗಳು ಹೋಹೆನ್‌ಝೊಲ್ಲೆರ್ನ್ ಮನೆತನದ ಬೈರೊಯ್ಟ್ ಮಾರ್ಗ್ರೇವರ ಕೈಯಲ್ಲಿದ್ದವು; ಮಾರ್ಗ್ರೇವ ಎಂಬುದು ಅಲ್ಲಿನ ಅರಸರ ಒಂದು ಬಿರುದು. 16ನೆಯ ಶತಮಾನದಲ್ಲಿ ಮಾರ್ಗ್ರೇವರ ನಾಡು ಲೂಥರನ್, ಅಂದರೆ ಪ್ರೊಟೆಸ್ಟಂಟ್, ಆಯಿತು, ಬಿಷಪ್ಪರ ನಾಡು ಕ್ಯಾಥೊಲಿಕ್ ಆಗಿಯೇ ಉಳಿಯಿತು. 1810ರಲ್ಲಿ ಬೈರೊಯ್ಟ್ ಸೀಮೆಯೂ ಬವೇರಿಯಕ್ಕೆ ಸೇರಿದ ಮೇಲೆ ಎರಡು ದಂಡೆಗಳಿಗೂ ಒಂದೇ ಸರಕಾರ ಬಂದರೂ ಚರ್ಚು ಬೇರೆ, ಸ್ಮಶಾನ ಬೇರೆ, ಬಹಳ ಕಾಲದವರೆಗೆ ಶಾಲೆಯೂ ಬೇರೆಯಾಗಿತ್ತು. ಹೊಸ ಲಾಂಛನದಲ್ಲಿ ಯಾರ ಗುರುತು ಮೇಲೆ, ಯಾರದು ಕೆಳಗೆ ಎಂಬ ಪ್ರಶ್ನೆ ಬಂದರೆ ಅದು ಈ ಹಳೆಯ ಗೆರೆಯ ಮೇಲೆಯೇ ಬಂದು ನಿಲ್ಲುತ್ತಿತ್ತು.

ಇನ್ನೊಂದು ಸಂಗತಿಯೂ ಇತ್ತು. ಬಿಷಪ್ಪರ ಕಡೆಯ ದೊಡ್ಡ ಹಳ್ಳಿಗೆ ಸೇರ್ಪಡೆಗೆ ಮುಂಚೆಯೇ ಒಂದು ಲಾಂಛನವಿತ್ತು: ಕೆಂಪು ನೆಲದ ಮೇಲೆ ಬೆಳ್ಳಿಯ ಟಗರಿನ ತಲೆ. ಅದು ಅಲ್ಲಿ ಹಿಂದೆ ಇದ್ದ ಒಂದು ಸರದಾರ ಮನೆತನದ ಗುರುತು. ಅಧಿಕೃತವಾಗಿ ಅಳಿದುಹೋಗಿದ್ದರೂ ಅಗ್ನಿಶಾಮಕ ದಳದ ಕಟ್ಟಡದ ಮೇಲೆ, ವಾದ್ಯವೃಂದದ ಸಮವಸ್ತ್ರದ ತೋಳಿನ ಮೇಲೆ ಅದು ಹಾಗೆಯೇ ಉಳಿದಿತ್ತು. ಜನರಿಗೆ ಅದರ ಮೇಲೆ ನಿಜವಾದ ಪ್ರೀತಿಯೂ ಇತ್ತು.

ಮೊದಲ ಪ್ರಯತ್ನ

ಸಹಜವಾಗಿಯೇ ಮೊದಲ ಸಲಹೆ ಟಗರಿನ ತಲೆಯನ್ನೇ ಇಡೀ ಗೆಮೈಂಡೆಗೆ ವಿಸ್ತರಿಸೋಣ ಎಂದಾಗಿತ್ತು. ಖರ್ಚಿಲ್ಲ, ಚಿತ್ರ ಚೆನ್ನಾಗಿದೆ, ಹಳೆಯದು, ಬಣ್ಣಗಳೂ ಲಾಂಛನಶಾಸ್ತ್ರಕ್ಕೆ ಒಪ್ಪುತ್ತವೆ. ಸಭೆಯಲ್ಲಿ ದೊಡ್ಡ ಹಳ್ಳಿಯ ಸದಸ್ಯರೇ ಹೆಚ್ಚಿದ್ದುದರಿಂದ ಮತಕ್ಕೆ ಹಾಕಿದ್ದರೆ ನಿರ್ಣಯ ಗೆಲ್ಲುತ್ತಿತ್ತು. ಎದುರು ದಂಡೆಯ ಸದಸ್ಯರು ಜಗಳವಾಡಲಿಲ್ಲ. ಆ ಸರದಾರ ಮನೆತನ ತಮ್ಮ ಹಳ್ಳಿಗಳನ್ನು ಎಂದೂ ಆಳಿದ್ದಿಲ್ಲ, ತಮ್ಮ ಮಕ್ಕಳ ಮದುವೆಯ ಕಾಗದದ ಮೇಲೆ ಅದೇಕೆ ಇರಬೇಕು ಎಂದಷ್ಟೇ ಕೇಳಿದರು.

ಈ ಪ್ರಕರಣದ ಮೊದಲ ತಿರುವು ಇಲ್ಲಿದೆ. ಮೇಯರ್ ಸ್ವತಃ ದೊಡ್ಡ ಹಳ್ಳಿಯವರಾಗಿದ್ದರೂ, ಕೈಯಲ್ಲಿ ಬಹುಮತವಿದ್ದರೂ ವಿಷಯವನ್ನು ಮತಕ್ಕೆ ಹಾಕದೆ ಮುಂದೂಡಿದರು. ರಸ್ತೆಗೆ ಡಾಂಬರು ಹಾಕುವ ನಿರ್ಣಯ ಬಹುಮತದಿಂದ ಆದರೆ ಸಾಕು, ಆದರೆ ಲಾಂಛನ ಸೋತವರ ಕಾಗದದ ಮೇಲೂ ಗೆದ್ದವರ ಕಾಗದದ ಮೇಲೆ ಬೀಳುವಂತೆಯೇ ಬೀಳುತ್ತದೆ ಎಂಬುದು ಅವರ ವಾದವಾಗಿತ್ತು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದಲ್ಲಿ ಅತ್ಯಂತ ಬೆಲೆಯುಳ್ಳ ತೀರ್ಮಾನ ಇದೇ, ಏಕೆಂದರೆ ಮುಂದಿನದೆಲ್ಲ ಸಾಧ್ಯವಾದದ್ದು ಇದರಿಂದ.

ಎರಡನೆಯ ಪ್ರಯತ್ನ

ಮುಂದೆ ಊರವರಿಂದಲೇ ಚಿತ್ರಗಳನ್ನು ಆಹ್ವಾನಿಸಲಾಯಿತು. ಶಾಲೆಯ ಮಕ್ಕಳಿಂದ ಹಿಡಿದು ನಿವೃತ್ತರವರೆಗೆ ಬಹಳ ಮಂದಿ ಬರೆದುಕೊಟ್ಟರು. ಸಮಿತಿ ಯಾರಿಗೂ ಬೇಸರವಾಗಬಾರದೆಂದು ಎಲ್ಲರ ಒಳ್ಳೆಯ ಅಂಶಗಳನ್ನು ಒಂದುಗೂಡಿಸಿತು. ಗುರಾಣಿಯನ್ನು ನಾಲ್ಕು ಪಾಲು ಮಾಡಿ ನಡುವೆ ಇನ್ನೊಂದು ಸಣ್ಣ ಗುರಾಣಿ ಇಟ್ಟರು. ಒಂದು ಪಾಲಿನಲ್ಲಿ ಚರ್ಚಿನ ಗೋಪುರ, ಇನ್ನೊಂದರಲ್ಲಿ ನೀಲಿ ನೆಲದ ಮೇಲೆ ಹಸಿರು ಓಕ್ ಮರ, ಮತ್ತೊಂದರಲ್ಲಿ ಬಿಯರಿಗೆ ಬಳಸುವ ಹಾಪ್ ಬಳ್ಳಿ, ನಾಲ್ಕನೆಯದರಲ್ಲಿ ಗಿರಣಿಯ ಕಟ್ಟಡ, ನಡುವಿನದರಲ್ಲಿ ಟಗರಿನ ತಲೆ. ಕೆಳಗಿನ ಪಟ್ಟಿಯ ಮೇಲೆ ಗೆಮೈಂಡೆಯ ಹೆಸರು ಮತ್ತು 1978 ಎಂಬ ಇಸವಿ. ಫ್ರಾಂಕೋನಿಯದ ಅಭಿಮಾನಿಗಳು ಕೆಂಪು–ಬೆಳ್ಳಿಯ ಮೂರು ಮೊನೆಗಳ ಗುರುತನ್ನೂ ಸೇರಿಸಬೇಕೆಂದು ಕೇಳಿದ್ದರು. ಅದು ಮೂಲತಃ ವ್ಯುರ್ಟ್ಸ್‌ಬುರ್ಗಿನ ಬಿಷಪ್ಪರದು. 1950ರ ಬವೇರಿಯ ರಾಜ್ಯ ಲಾಂಛನದಲ್ಲಿ ಫ್ರಾಂಕೋನಿಯವನ್ನು ಸೂಚಿಸುವುದೂ ಅದೇ. ಈ ಐದು ಹಳ್ಳಿಗಳಿಗೆ ವ್ಯುರ್ಟ್ಸ್‌ಬುರ್ಗಿನ ಆಳ್ವಿಕೆಯೊಂದಿಗೆ ನಂಟಿರಲಿಲ್ಲವಾದ್ದರಿಂದ ಸಮಿತಿಯೇ ಅದನ್ನು ಕೈಬಿಟ್ಟಿತು. ಆ ಒಂದು ವಿಷಯದಲ್ಲಿ ಅದು ಸರಿಯಾಗಿಯೇ ಯೋಚಿಸಿತ್ತು.

ಹೊಸ ಲಾಂಛನ ಸ್ವೀಕರಿಸುವ ಗೆಮೈಂಡೆ ಬವೇರಿಯ ರಾಜ್ಯ ಪತ್ರಾಗಾರಗಳ ಪ್ರಧಾನ ನಿರ್ದೇಶನಾಲಯದ ಸಲಹೆ ಪಡೆಯಲೇಬೇಕು ಎಂದು ಅದೇ 4ನೆಯ ಕಲಮು ಹೇಳುತ್ತದೆ. ಕರಡು ಮ್ಯೂನಿಕ್ಕಿನಲ್ಲಿರುವ ಆ ನಿರ್ದೇಶನಾಲಯಕ್ಕೆ ಹೋಯಿತು, ಪ್ರತಿಕೂಲ ಅಭಿಪ್ರಾಯದೊಂದಿಗೆ ಮರಳಿತು. ಆಕ್ಷೇಪಗಳು ಲಾಂಛನಶಾಸ್ತ್ರದ ಮೂಲ ಪಾಠಗಳೇ ಆಗಿದ್ದವು. ಗುರಾಣಿಯ ಒಳಗೆ ಅಕ್ಷರ, ಅಂಕಿ ಬರಕೂಡದು, ಏಕೆಂದರೆ ಗುರಾಣಿ ಇರುವುದೇ ಓದದೆ ಗುರುತಿಸುವುದಕ್ಕೆ. ಚಿನ್ನ ಮತ್ತು ಬೆಳ್ಳಿ ಲೋಹಗಳು. ಕೆಂಪು, ನೀಲಿ, ಕಪ್ಪು, ಹಸಿರು ವರ್ಣಗಳು. ವರ್ಣದ ಮೇಲೆ ವರ್ಣವನ್ನೂ ಲೋಹದ ಮೇಲೆ ಲೋಹವನ್ನೂ ಇಡಬಾರದೆಂಬುದು ನಿಯಮ. ನೀಲಿಯ ಮೇಲಿನ ಹಸಿರು ಮರ ಇಪ್ಪತ್ತು ಹೆಜ್ಜೆ ದೂರದಿಂದಲೇ ಒಂದು ಕಪ್ಪು ಮುದ್ದೆಯಾಗಿ ಕಾಣುತ್ತದೆ. ಇದು ರುಚಿಯ ಪ್ರಶ್ನೆಯಲ್ಲ, ಕಣ್ಣಿನ ಪ್ರಶ್ನೆ. ಇನ್ನು ಐದು ಚಿತ್ರಗಳ ಆ ಗುರಾಣಿಯನ್ನು ರಬ್ಬರ್ ಮುದ್ರೆಯ ಅಳತೆಗೆ ಇಳಿಸಿ ಒತ್ತಿದಾಗ ಗೋಪುರ ಯಾವುದು, ಟಗರು ಯಾವುದು ಎಂದು ಕಚೇರಿಯ ಗುಮಾಸ್ತರಿಗೂ ಹೇಳಲಾಗಲಿಲ್ಲ.

ಕಾಯಿದೆಯಲ್ಲಿ ಇನ್ನೊಂದು ಬಾಗಿಲಿತ್ತು. ಪತ್ರಾಗಾರದ ಅಭಿಪ್ರಾಯವನ್ನು ಪಾಲಿಸಲು ಮನಸ್ಸಿಲ್ಲದ ಗೆಮೈಂಡೆ ತನ್ನ ಕರಡನ್ನು ಮೇಲ್ವಿಚಾರಣೆಯ ಪ್ರಾಧಿಕಾರದ ಮುಂದಿಡಬಹುದು. ಕೆಲವು ಸದಸ್ಯರು ಆ ದಾರಿ ಹಿಡಿಯೋಣ, ಜನರು ಬರೆದುಕೊಟ್ಟದ್ದನ್ನು ತಳ್ಳಿಹಾಕುವುದು ಬೇಡ ಎಂದರು. ಬಹಳ ಚರ್ಚೆಯ ಬಳಿಕ ಸಭೆ ಅದನ್ನು ಬಿಟ್ಟುಕೊಟ್ಟಿತು. ಕಾರಣ ಮುದ್ರೆಯ ಆ ಒಂದು ಅಚ್ಚು. ಅದನ್ನು ಮೇಜಿನ ಸುತ್ತ ಕೈಯಿಂದ ಕೈಗೆ ದಾಟಿಸಿದಾಗ ನಿಯಮದ ಅರ್ಥ ಎಲ್ಲರಿಗೂ ತಾನಾಗಿ ತಿಳಿಯಿತು; ಮ್ಯೂನಿಕ್ಕಿನ ಪತ್ರ ಹೇಳಿದ್ದನ್ನೇ ಆ ಮಸಿಯ ಕಲೆಯೂ ಹೇಳುತ್ತಿತ್ತು.

ಕಾಗದಗಳಿಂದ ಆರಂಭಿಸಿದ ಮೂರನೆಯ ಪ್ರಯತ್ನ

ಆಮೇಲೆ ಸಭೆ ಊರ ಲಾಂಛನಗಳನ್ನು ರಚಿಸುವುದರಲ್ಲಿ ಪಳಗಿದ ಒಬ್ಬ ತಜ್ಞೆಯನ್ನು ನೇಮಿಸಿತು. ಅವರು ಮೊದಲ ಭೇಟಿಯಲ್ಲೇ, ಸದ್ಯಕ್ಕೆ ಯಾವ ಚಿತ್ರವನ್ನೂ ತೋರಿಸುವುದಿಲ್ಲ ಎಂದು ಹೇಳಿಬಿಟ್ಟರು. ಲಾಂಛನ ಮೊದಲು ವಾಕ್ಯವಾಗಿ ಹುಟ್ಟಬೇಕು, ಚಿತ್ರ ಆಮೇಲೆ ಬರಬೇಕು ಎಂಬುದು ಅವರ ಪದ್ಧತಿ. ಈ ಶಾಸ್ತ್ರದಲ್ಲಿ ಒಂದು ಲಾಂಛನದ ನಿಜವಾದ ರೂಪ ಬ್ಲಾಸೊನಿಯೆರುಂಗ್ ಎಂಬ ವರ್ಣನೆಯ ವಾಕ್ಯದಲ್ಲಿರುತ್ತದೆ. ಅದೇ ವಾಕ್ಯವನ್ನು ಹಿಡಿದು ಬೇರೆ ಬೇರೆ ಕಲಾವಿದರು ಬೇರೆ ಬೇರೆ ಕೈಬರಹದಲ್ಲಿ ಬರೆದರೂ ಲಾಂಛನ ಒಂದೇ ಆಗಿರುತ್ತದೆ. ಆ ವಾಕ್ಯದಲ್ಲಿ ಬಲ ಎಂದರೆ ಗುರಾಣಿ ಹಿಡಿದವನ ಬಲ, ನೋಡುವವರ ಎಡ. ಈ ಒಂದು ಅಂಶವನ್ನು ಮರೆತು ಬಾವುಟ ಹೊಲಿಸಿದರೆ ಎಲ್ಲವೂ ತಿರುಗುಮುರುಗಾಗುತ್ತದೆ.

ಬಾಂಬೆರ್ಗಿನ ರಾಜ್ಯ ಪತ್ರಾಗಾರದಲ್ಲಿ ಅವರು ಐದು ಹಳ್ಳಿಗಳ ಹಳೆಯ ಕಡತಗಳನ್ನು ಓದಿದರು. ಅವರು ಹುಡುಕುತ್ತಿದ್ದದ್ದು ಪ್ರತಿಯೊಂದು ಹಳ್ಳಿಯ ವಿಶೇಷವನ್ನಲ್ಲ, ಐದಕ್ಕೂ ಸಮನಾಗಿ ಸೇರಿದ ಒಂದು ಸಂಗತಿಯನ್ನು. ಹಾಗೊಂದು ಸಿಕ್ಕಿತು. 18ನೆಯ ಶತಮಾನದ ಒಂದು ಕಟ್ಟಿನಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ್ದ ಒಡ್ಡಿನ ದುರಸ್ತಿಯ ಕರಾರುಗಳಿದ್ದವು. ಗಿರಣಿಗಳಿಗೆ ನೀರು ತಿರುಗಿಸುತ್ತಿದ್ದ ಆ ಒಡ್ಡಿನ ಒಂದು ತುದಿ ಬಿಷಪ್ಪರ ನೆಲದಲ್ಲಿ, ಇನ್ನೊಂದು ಮಾರ್ಗ್ರೇವರ ನೆಲದಲ್ಲಿ ಊರಿತ್ತು. ಮಳೆಗಾಲದ ನೆರೆಗೆ ಕೊಚ್ಚಿಹೋದಾಗ ಐದು ಹಳ್ಳಿಗಳೂ ಆಳುಗಳನ್ನು ಕಳಿಸಬೇಕು, ಮರವನ್ನೂ ಕಲ್ಲನ್ನೂ ಪಾಲಿನಂತೆ ಕೊಡಬೇಕು ಎಂದು ಎರಡೂ ಕಡೆಯ ಅಧಿಕಾರಿಗಳು ಸಹಿ ಹಾಕಿದ್ದರು. ಅರಸರು ಬೇರೆ, ಪ್ರಾರ್ಥನೆ ಬೇರೆಯಾಗಿದ್ದ ಕಾಲದಲ್ಲೂ ಒಡ್ಡು ಒಂದೇ ಆಗಿತ್ತು.

ಇದು ಎರಡನೆಯ ತಿರುವು. ಐದು ಹಳ್ಳಿಗಳಿಗೆ ಐದು ನಕ್ಷತ್ರ, ಐದು ತೆನೆ, ಐದು ಎಲೆ ಎಂದು ಎಣಿಸುವ ಯೋಚನೆ ಈ ಕಡತ ಸಭೆಯ ಮುಂದೆ ಬಂದ ದಿನವೇ ಹಿಂದೆ ಸರಿಯಿತು. ಜರ್ಮನಿಯಲ್ಲಿ ಸೇರ್ಪಡೆಯಿಂದ ಹುಟ್ಟಿದ ಗೆಮೈಂಡೆಗಳ ಎಷ್ಟೋ ಲಾಂಛನಗಳು ಹೀಗೆ ಎಣಿಕೆಯ ಮೇಲೆಯೇ ನಿಂತಿವೆ. ತಪ್ಪೇನೂ ಅಲ್ಲ, ಆದರೆ ಎಣಿಕೆ ಹಳ್ಳಿಗಳು ಎಷ್ಟೆಂದು ಹೇಳುತ್ತದೆಯೇ ಹೊರತು ಅವು ಒಟ್ಟಿಗೆ ಏಕಿವೆ ಎಂದು ಹೇಳುವುದಿಲ್ಲ. ಮುಂದೆ ಇನ್ನೊಂದು ಹಳ್ಳಿ ಸೇರಿದರೆ ಎಣಿಕೆಯೂ ತಪ್ಪುತ್ತದೆ.

ಇನ್ನು ಬಣ್ಣಗಳು. ಬಾಂಬೆರ್ಗ್ ಬಿಷಪ್ಪರ ಲಾಂಛನ ಚಿನ್ನದ ನೆಲದ ಮೇಲೆ ಕಪ್ಪು ಸಿಂಹ, ಅದರ ಮೇಲೆ ಓರೆಯಾಗಿ ಹಾಯುವ ಬೆಳ್ಳಿಯ ಪಟ್ಟಿ. ಮಾರ್ಗ್ರೇವರ ಹೋಹೆನ್‌ಝೊಲ್ಲೆರ್ನ್ ಮನೆತನದ್ದು ಬೆಳ್ಳಿ ಮತ್ತು ಕಪ್ಪು ಬಣ್ಣಗಳಲ್ಲಿ ನಾಲ್ಕು ಪಾಲಾದ ಗುರಾಣಿ. ಸಿಂಹವನ್ನೂ ನಾಲ್ಕು ಪಾಲಿನ ಗುರಾಣಿಯನ್ನೂ ಅಕ್ಕಪಕ್ಕ ಇಟ್ಟಿದ್ದರೆ ಯಾರು ಬಲಕ್ಕೆ ಎಂಬ ಜಗಳ ಮತ್ತೆ ಏಳುತ್ತಿತ್ತು, ಏಕೆಂದರೆ ಗುರಾಣಿಯ ಬಲಭಾಗ ಹೆಚ್ಚಿನ ಗೌರವದ ಸ್ಥಾನ. ತಜ್ಞೆ ಆಕೃತಿಗಳನ್ನು ಬಿಟ್ಟು ಬಣ್ಣಗಳನ್ನಷ್ಟೇ ತೆಗೆದುಕೊಂಡರು. ಎರಡೂ ಕಡೆಗೆ ಸಾಮಾನ್ಯವಾದದ್ದು ಕಪ್ಪು, ಅದನ್ನು ನೆಲವಾಗಿಸಿದರು. ಕಪ್ಪಿನ ಮೇಲೆ ಚಿನ್ನ ಬಂದರೆ ಬಾಂಬೆರ್ಗ್, ಕಪ್ಪಿನ ಮೇಲೆ ಬೆಳ್ಳಿ ಬಂದರೆ ಬೈರೊಯ್ಟ್. ಎರಡು ಲೋಹಗಳೂ ಒಂದು ವರ್ಣದ ಮೇಲೆಯೇ ಬರುವುದರಿಂದ ನಿಯಮವೂ ಉಳಿಯಿತು, ಒಬ್ಬರ ಬಣ್ಣವಿಲ್ಲದೆ ಇನ್ನೊಬ್ಬರ ಬಣ್ಣಕ್ಕೆ ಅಲ್ಲಿ ಪೂರ್ಣತೆಯೂ ಇಲ್ಲ. ಇಷ್ಟು ಸರಳವಾಗಿ ಇಷ್ಟು ಹಳೆಯ ಭೇದವೊಂದನ್ನು ಒಂದೇ ಗುರಾಣಿಯಲ್ಲಿ ಕೂರಿಸಿದ ಜಾಣ್ಮೆ ನನಗೆ ಈ ಪ್ರಕರಣದ ಬಗ್ಗೆ ಬರೆಯಲು ಮೊದಲ ಪ್ರೇರಣೆ.

ಕೆಳಭಾಗದಲ್ಲಿ ಅಲೆಯಂಚಿನ ಬೆಳ್ಳಿ ಹೊಳೆಯನ್ನು ಸೂಚಿಸಿತು. ಮೇಲಿನ ಚಿನ್ನದ ಆಕೃತಿ ಏನಿರಬೇಕು? ಸದಸ್ಯರು ಗಿರಣಿಯ ನೀರುಚಕ್ರ ಎಂದರು. ಮ್ಯೂನಿಕ್ಕಿನ ಪತ್ರಾಗಾರ ನಿರ್ದೇಶನಾಲಯದ ಸಲಹೆ ಬೇರೆಯಾಗಿತ್ತು: ಚಕ್ರವಿರುವ ಊರ ಲಾಂಛನಗಳು ಈಗಾಗಲೇ ಬಹಳ ಇವೆ, ಹೊಸದು ಇತರವುಗಳಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಮೇಲಾಗಿ ಕೆಂಪಿನ ಮೇಲೆ ಆರು ಅರಗಳ ಬೆಳ್ಳಿ ಚಕ್ರ ಮೈನ್ಟ್ಸಿನ ಆರ್ಚ್‌ಬಿಷಪ್ಪರ ಗುರುತೆಂದು ಪ್ರಸಿದ್ಧವಾಗಿರುವುದರಿಂದ ಚಕ್ರ ಕಂಡ ಕೂಡಲೇ ನೆನಪು ಆ ಕಡೆ ಹೋಗುತ್ತದೆ. ಬದಲಿಗೆ ಮ್ಯೂಲ್‌ಐಸೆನ್, ಅಂದರೆ ಗಿರಣಿಯ ಮೇಲುಗಲ್ಲಿನ ನಡುವೆ ಕೂರಿಸುವ ಕಬ್ಬಿಣ, ಆಗಬಹುದು ಎಂದು ಸೂಚಿಸಿದರು. ಅದು ಲಾಂಛನಗಳಲ್ಲಿ ಹಿಂದಿನಿಂದ ಬಳಕೆಯಲ್ಲಿರುವ ಆಕೃತಿಯೇ. ಸದಸ್ಯರಿಗೆ ಮಾತ್ರ ಅದು ಹಿಡಿಸಲಿಲ್ಲ. ಇದೇನೆಂದು ಇಂದಿನ ಮಕ್ಕಳಿಗೆ ಯಾರು ಹೇಳಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಪ್ರಶ್ನೆಯಲ್ಲಿ ನ್ಯಾಯವಿತ್ತು.

ಮುಂದಿನ ಸಭೆಗೆ ಬಹಳ ಹಿಂದೆ ನಿಂತುಹೋದ ಗಿರಣಿಯೊಂದರ ಮನೆಯ ಹಿರಿಯರೊಬ್ಬರು ಗೋಣಿಚೀಲದಲ್ಲಿ ಸುತ್ತಿದ ಒಂದು ವಸ್ತು ತಂದು ಮೇಜಿನ ಮೇಲಿಟ್ಟರು. ತುಕ್ಕು ಹಿಡಿದ ಕಬ್ಬಿಣ. ಮೇಲೆ ಕೆಳಗೆ ಎರಡೆರಡು ತೋಳುಗಳು ಹೊರಕ್ಕೆ ಬಾಗಿವೆ, ನಡುವೆ ಚೌಕನೆಯ ತೂತು, ಆ ತೂತಿನ ಅಂಚು ತಿರುಗಣೆ ತಿಕ್ಕಿ ತಿಕ್ಕಿ ಹೊಳಪಾಗಿದೆ. ಈ ತೂತಿನಲ್ಲಿ ಕಂಬಿ ಕೂತು, ಈ ತೋಳುಗಳು ಕಲ್ಲನ್ನು ಹಿಡಿದು, ಹೊಳೆಯ ಬಲವೆಲ್ಲ ಈ ಒಂದು ತುಂಡಿನ ಮೂಲಕವೇ ಕಲ್ಲಿಗೆ ಮುಟ್ಟುತ್ತಿತ್ತೆಂದು ಅವರು ತೋರಿಸಿದರು. ಚಕ್ರದ ಪರವಾಗಿದ್ದವರಲ್ಲಿ ಹೆಚ್ಚಿನವರು ಅಲ್ಲಿಯೇ ಮನಸ್ಸು ಬದಲಿಸಿದರು. ಲಾಂಛನದ ವಾಕ್ಯ ಕೊನೆಗೆ ಹೀಗೆ ನಿಂತಿತು: ಕಪ್ಪು ನೆಲದಲ್ಲಿ, ಅಲೆಯಂಚಿನ ಬೆಳ್ಳಿಯ ಪಾದದ ಮೇಲೆ, ಚಿನ್ನದ ಗಿರಣಿಗಬ್ಬಿಣ. ಮ್ಯೂನಿಕ್ಕಿನಿಂದ ಒಪ್ಪಿಗೆಯ ಅಭಿಪ್ರಾಯ ಬಂತು, ಸಭೆ ನಿರ್ಣಯ ಮಾಡಿತು.

ಬಾವುಟದಲ್ಲಿ ಎದ್ದ ತೊಡಕು

ಗುರಾಣಿ ಮುಗಿದರೆ ಬಾವುಟ ತಾನಾಗಿ ಆಗುತ್ತದೆ ಎಂದು ಎಲ್ಲರೂ ನಂಬಿದ್ದರು. ಜರ್ಮನಿಯ ಊರುಗಳ ಬಾವುಟಗಳು ಸಾಮಾನ್ಯವಾಗಿ ಲಾಂಛನದ ಬಣ್ಣಗಳ ಪಟ್ಟೆಗಳೇ. ಚಿನ್ನ ಹಳದಿಯಾಗುತ್ತದೆ, ಬೆಳ್ಳಿ ಬಿಳಿಯಾಗುತ್ತದೆ. ಹಳದಿ, ಕಪ್ಪು, ಬಿಳಿ ಎಂಬ ಮೂರು ಪಟ್ಟೆಗಳನ್ನು ಗೊತ್ತುಮಾಡಿದರು. ಎರಡು ಲೋಹಗಳು ಪಕ್ಕಪಕ್ಕ ಬಾರದಿರಲೆಂದು ಕಪ್ಪನ್ನು ನಡುವೆ ಇಟ್ಟದ್ದು ಶಾಸ್ತ್ರಕ್ಕೆ ಸರಿಯಾಗಿಯೇ ಇತ್ತು. ಮಾದರಿ ಬಾವುಟವನ್ನು ಕಚೇರಿಯ ಮುಂದೆ ತೂಗುಹಾಕಿದಾಗ ಗುರಾಣಿ ಕಾಣಲೇ ಇಲ್ಲ. ಕಪ್ಪು ಪಟ್ಟೆಯ ನಡುವೆ ಕಪ್ಪು ಗುರಾಣಿ ಕರಗಿಹೋಗಿ, ಕಬ್ಬಿಣದ ಆಕೃತಿಯೂ ಅಲೆಯೂ ಗಾಳಿಯಲ್ಲಿ ಬಿಡಿಬಿಡಿಯಾಗಿ ತೇಲುತ್ತಿದ್ದವು.

ಗುರಾಣಿಯ ಸುತ್ತ ಬೆಳ್ಳಿಯ ಅಂಚು ಕಟ್ಟೋಣ ಎಂಬ ಸಲಹೆ ಬಂತು. ತಜ್ಞೆ ಒಪ್ಪಲಿಲ್ಲ: ಅಂಚು ಎಂಬುದು ಲಾಂಛನದ ಒಂದು ಅಂಗ, ಅದನ್ನು ಸೇರಿಸಿದರೆ ವರ್ಣನೆಯ ವಾಕ್ಯ ಬದಲಾಗಿ ಅದು ಬೇರೆಯೇ ಲಾಂಛನವಾಗುತ್ತದೆ. ಬಟ್ಟೆಯ ಅನುಕೂಲಕ್ಕಾಗಿ ಗುರಾಣಿಯನ್ನು ತಿದ್ದಬಾರದು, ಗುರಾಣಿಗೆ ತಕ್ಕಂತೆ ಬಟ್ಟೆಯನ್ನು ತಿದ್ದಬೇಕು ಎಂಬ ಅವರ ನಿಲುವನ್ನು ಸಭೆ ಎತ್ತಿಹಿಡಿಯಿತು. ದಕ್ಷಿಣ ಜರ್ಮನಿಯಲ್ಲಿ ಊರ ಬಾವುಟಗಳನ್ನು ಹೆಚ್ಚಾಗಿ ಉದ್ದುದ್ದ ಇಳಿಬಿಡುತ್ತಾರೆ. ಅಂಥ ಬಾವುಟದ ಮೇಲ್ತುದಿಯಲ್ಲಿ ಬೇರೆ ಬಣ್ಣದ ಒಂದು ತಲೆಭಾಗ ಬಿಡುವ ರೂಢಿಯೂ ಇದೆ. ಅದಕ್ಕೆ ಬಾನರ್‌ಹೌಪ್ಟ್ ಎನ್ನುತ್ತಾರೆ. ತಲೆಭಾಗವನ್ನು ಬಿಳಿಯಾಗಿಟ್ಟು ಅದರ ಮೇಲೆ ಕಪ್ಪು ಗುರಾಣಿ ಇರಿಸಿದರು, ಕೆಳಗೆ ಹಳದಿ ಮತ್ತು ಕಪ್ಪು ಪಟ್ಟೆಗಳನ್ನು ಉದ್ದಕ್ಕೆ ಇಳಿಬಿಟ್ಟರು. ಮೂರು ಬಣ್ಣಗಳೂ ಉಳಿದವು, ಗುರಾಣಿಯೂ ರಸ್ತೆಯಾಚೆಯಿಂದ ಕಾಣಿಸಿತು. ಹಳದಿ ಮೊದಲೋ ಕಪ್ಪು ಮೊದಲೋ ಎಂಬುದೂ ಸಣ್ಣ ವಿಷಯವಲ್ಲ; ಬಾಡೆನ್–ವ್ಯುರ್ಟೆಂಬೆರ್ಗ್ ರಾಜ್ಯದ ಬಾವುಟ ಕಪ್ಪು–ಹಳದಿ, ಸಾಕ್ಸೋನಿ–ಆನ್‌ಹಾಲ್ಟ್ ರಾಜ್ಯದ್ದು ಹಳದಿ–ಕಪ್ಪು, ಎರಡನ್ನೂ ಬೇರೆ ಮಾಡುವುದು ಕ್ರಮವೇ. ಇಲ್ಲಿ ಆಕೃತಿಯ ಬಣ್ಣ ಮೊದಲು, ನೆಲದ ಬಣ್ಣ ಆಮೇಲೆ ಎಂಬ ರೂಢಿಯಂತೆ ಹಳದಿಗೆ ಮೊದಲ ಸ್ಥಾನ ಸಿಕ್ಕಿತು.

ಫಲಿತಾಂಶ ಮತ್ತು ಅದರಿಂದ ತಿಳಿಯುವುದು

ಇಂದು ಕಚೇರಿ ಮುದ್ರೆಯಲ್ಲಿ ರಾಜ್ಯದ ವಜ್ರಾಕೃತಿಗಳ ಬದಲು ಗಿರಣಿಗಬ್ಬಿಣವಿದೆ. ಎರಡು ದಂಡೆಗಳ ಹಬ್ಬಗಳಲ್ಲೂ ಒಂದೇ ಬಾವುಟ ಇಳಿಬೀಳುತ್ತದೆ. ಟಗರಿನ ತಲೆಯನ್ನು ಯಾರೂ ಕಿತ್ತುಹಾಕಲಿಲ್ಲ; ಊರಿನ ಸಂಘಗಳು ಅದನ್ನು ತಮ್ಮ ಹಳ್ಳಿಯ ನೆನಪಿನ ಗುರುತಾಗಿ ಉಳಿಸಿಕೊಳ್ಳಬಹುದು, ಅಧಿಕೃತ ಕಾಗದಗಳ ಮೇಲೆ ಮಾತ್ರ ಬಳಸುವಂತಿಲ್ಲ ಎಂದು ಸಭೆ ತೀರ್ಮಾನಿಸಿತು. ದೊಡ್ಡ ಹಳ್ಳಿಯ ಕೆಲವರಿಗೆ ಇದರಿಂದ ಸಮಾಧಾನವಾಗಿಲ್ಲ, ಅವರು ಮನೆಯ ಮುಂದೆ ಇಂದಿಗೂ ಹಳೆಯ ಕೆಂಪು–ಬಿಳಿ ಬಾವುಟವನ್ನೇ ಹಾರಿಸುತ್ತಾರೆ. ಅದನ್ನು ಸೋಲೆಂದು ನಾನು ಎಣಿಸುವುದಿಲ್ಲ. ಅವರ ಪ್ರೀತಿಗೆ ಆಧಾರವಿದೆ, ಅದಕ್ಕೆ ಜಾಗವೂ ಇದೆ.

ಇಂಥ ಕೆಲಸಕ್ಕೆ ಕೈಹಾಕುವವರಿಗೆ ಈ ಪ್ರಕರಣದಲ್ಲಿ ಗಮನಿಸತಕ್ಕದ್ದು ಕೆಲಸದ ಕ್ರಮ. ಜನರಿಂದ ಚಿತ್ರ ಕೇಳುವ ಬದಲು ಮೊದಲು ಸಂಗತಿಗಳನ್ನು ಕೇಳಿದ್ದರೆ, ಆ ಗಿರಣಿಗಬ್ಬಿಣ ಒಂದು ವರ್ಷ ಮೊದಲೇ ಮೇಜಿನ ಮೇಲೆ ಬರುತ್ತಿತ್ತು; ಚಿತ್ರ ಬರೆದುಕೊಟ್ಟವರ ಮನಸ್ಸು ನೋಯುವ ಪ್ರಸಂಗವೂ ಇರುತ್ತಿರಲಿಲ್ಲ. ಕರಡನ್ನು ಮುದ್ರೆಯ ಅಳತೆಗೆ ಇಳಿಸಿ ನೋಡುವುದು, ಬಟ್ಟೆಯ ಮೇಲೆ ತೂಗುಹಾಕಿ ನೋಡುವುದು ಕೊನೆಯ ಹಂತದ ಕೆಲಸಗಳಾಗಬಾರದು, ನಿರ್ಣಯಕ್ಕೆ ಮುಂಚಿನವಾಗಬೇಕು. ಪತ್ರಾಗಾರದ ಸಲಹೆಯನ್ನು ಅಡ್ಡಿಯೆಂದು ಭಾವಿಸಿದ ಸದಸ್ಯರೇ ಕೊನೆಗೆ ಅದರಿಂದ ಹೆಚ್ಚು ಪಡೆದರು, ಏಕೆಂದರೆ ಚಕ್ರವನ್ನು ಬಿಡಿಸಿದ್ದೇ ಆ ಸಲಹೆ.

ಬಳಕೆಯ ನಿಯಮಗಳನ್ನು ಸಭೆ ಲಾಂಛನದ ಜೊತೆಗೇ ಮಾಡಿದ್ದೂ ಒಳ್ಳೆಯದಾಯಿತು. ಗೆಮೈಂಡೆಯ ಲಾಂಛನವನ್ನಾಗಲಿ ಬಾವುಟವನ್ನಾಗಲಿ ಇತರರು ಬಳಸಬೇಕಾದರೆ ಅದರ ಅನುಮತಿ ಬೇಕೆಂದು ಕಾಯಿದೆಯಲ್ಲೇ ಇದೆ. ಹೆಸರಿನ ಹಕ್ಕನ್ನು ಕಾಪಾಡುವ ಜರ್ಮನ್ ನಾಗರಿಕ ಸಂಹಿತೆಯ 12ನೆಯ ಕಲಮಿನ ರಕ್ಷಣೆಯನ್ನು ನ್ಯಾಯಾಲಯಗಳು ಲಾಂಛನಗಳಿಗೂ ವಿಸ್ತರಿಸಿವೆ. ಊರಿನ ಸಂಘಗಳಿಗೆ ಒಮ್ಮೆಗೇ ಸಾಮಾನ್ಯ ಅನುಮತಿ ಕೊಟ್ಟರು, ವ್ಯಾಪಾರದ ಬಳಕೆಗೆ ಪ್ರತಿ ಸಲವೂ ಅರ್ಜಿ ಹಾಕಬೇಕೆಂದರು. ಬಿಯರ್ ಬಾಟಲಿಯ ಚೀಟಿಯ ಮೇಲೆ ಲಾಂಛನ ಹಾಕಲು ಬಂದ ಮೊದಲ ಅರ್ಜಿಯನ್ನು, ಅದನ್ನು ಹಾಕಿದರೆ ಆ ಬಿಯರನ್ನು ಗೆಮೈಂಡೆಯೇ ಮಾರುತ್ತಿದೆ ಎಂದು ಜನ ತಿಳಿಯಬಹುದು ಎಂಬ ಕಾರಣ ಕೊಟ್ಟು ತಿರಸ್ಕರಿಸಿದರು. ಪ್ರವಾಸಿಗಳಿಗಾಗಿ ಹೊಳೆಯ ಒಂದು ಆಧುನಿಕ ಲೋಗೋ ಮಾಡಿಸುವ ಯೋಚನೆ ಈಗ ನಡೆದಿದೆ. ಅದರಲ್ಲಿ ಗುರಾಣಿಯ ಆಕಾರವನ್ನಾಗಲಿ ಗಿರಣಿಗಬ್ಬಿಣವನ್ನಾಗಲಿ ಬಳಸಬಾರದು, ಲೋಗೋವನ್ನು ಬೇಕಾದಾಗ ಬದಲಿಸಬಹುದು, ಮುದ್ರೆಯ ಮೇಲಿನದನ್ನು ಹಾಗೆ ಬದಲಿಸುವಂತಿಲ್ಲ ಎಂದು ಸಭೆ ಮೊದಲೇ ಬರೆದಿಟ್ಟಿದೆ.